ಸಿಡಿಲಿಗೆ ಸತ್ತ ಲ್ಯಾಪ್‌ಟಾಪ್‌ನಿಂದ ಅಪ್ಪನ ಫೈಲುಗಳನ್ನು ತೆಗೆಯುವುದು ಹೇಗೆ?

ಸಾಗರದ_ಮಗಳು
ಎಲ್ಲರಿಗೂ ನಮಸ್ಕಾರ. ಹೋದ ವಾರ ಸಿಡಿಲು ಬಡಿದ ರಾತ್ರಿಯಿಂದ ಅಪ್ಪನ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ. ಚಾರ್ಜರ್ ಹಾಕಿದರೆ ಪಕ್ಕದ ಲೈಟ್ ಕೂಡ ಬರುವುದಿಲ್ಲ. 2014ರಲ್ಲಿ ತೆಗೆದುಕೊಂಡಿದ್ದು. ವಿಂಡೋಸ್ 8.1 ಇತ್ತು, ಆಮೇಲೆ 10 ಹಾಕಿಸಿದ್ದೆವು. ಸರ್ವಿಸ್ ಸೆಂಟರ್‌ನವರು ಮದರ್‌ಬೋರ್ಡ್ ಹೋಗಿದೆ, ಈ ಮಾಡೆಲ್‌ಗೆ ಬೋರ್ಡ್ ಸಿಗಲ್ಲ, ಹೊಸದು ತಗೊಳ್ಳಿ ಅಂದರು. ಒಳಗಿನ ಫೈಲುಗಳ ಬಗ್ಗೆ ಕೇಳಿದರೆ "ಅದಕ್ಕೆ ನಾವು ಜವಾಬ್ದಾರರಲ್ಲ" ಅಂತ ಒಂದೇ ಮಾತು.

ಲ್ಯಾಪ್‌ಟಾಪ್ ಹೋದರೆ ಹೋಗಲಿ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ನಮ್ಮ ಕಡೆ ಹೆಂಗಸರು ಮದುವೆಗೆ, ಸೀಮಂತಕ್ಕೆ, ಭೂಮಿ ಹುಣ್ಣಿಮೆಗೆ ಹೇಳುವ ಹಾಡುಗಳನ್ನು ಊರೂರು ತಿರುಗಿ ಬರೆದುಕೊಂಡು ಬಂದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಹಾಡಿದ ಅಜ್ಜಿಯರಲ್ಲಿ ಹಲವರು ಈಗಿಲ್ಲ. ಪೆನ್‌ಡ್ರೈವ್‌ನಲ್ಲಿ ತುಂಬಾ ಹಳೆಯ ಒಂದು ಕಾಪಿ ಮಾತ್ರ ಇದೆ. ಅಪ್ಪ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ, ಆದರೆ ಊಟ ಸರಿಯಾಗಿ ಮಾಡುತ್ತಿಲ್ಲ. ಹೇಗಾದರೂ ತೆಗೆಯಬಹುದಾ?

ಎಸ್‌ಪಿ_ರೋಡ್_ರಿಪೇರಿ
ಮೇಡಂ, ಮೊದಲು ಅಪ್ಪನಿಗೆ ಊಟ ಮಾಡಲು ಹೇಳಿ. ಮದರ್‌ಬೋರ್ಡ್ ಬೇರೆ, ಹಾರ್ಡ್ ಡಿಸ್ಕ್ ಬೇರೆ. ಬೋರ್ಡ್ ಸುಟ್ಟ ಲ್ಯಾಪ್‌ಟಾಪ್‌ಗಳಿಂದ ಡಿಸ್ಕ್ ಚೆನ್ನಾಗಿಯೇ ಹೊರಗೆ ಬರುವುದನ್ನು ದಿನಾ ನೋಡುತ್ತೇನೆ. 2014ರ ಮಾಡೆಲ್ ಅಂದರೆ ಹೆಚ್ಚುಕಮ್ಮಿ ಖಂಡಿತ 2.5 ಇಂಚಿನ ಸಾಟಾ ಡಿಸ್ಕ್ (ಸಾಟಾ ಅಂದರೆ ಕನೆಕ್ಟರ್‌ನ ಥರ). ಬಿಚ್ಚಿ ಹೊರಗೆ ತೆಗೆದು, ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣಿಸುತ್ತದೆ. ಕೇಸಿಂಗ್ ಐನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಕುಂದಾಪ್ರದ_ಭಟ್ರು
ಬಿಚ್ಚುವ ಮೊದಲು ಒಂದು ನೋಡಿ ಮಾರಾಯ್ರೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬ್ಯಾಟರಿ ಇಲ್ಲದೆ ಚಾರ್ಜರ್ ಮಾತ್ರ ಹಾಕಿ ನೋಡಿ. ಚಾರ್ಜರ್ರೇ ಹೋಗಿರಬಹುದು, ಸಿಡಿಲಿಗೆ ಮೊದಲು ಸಾಯುವುದು ಅದೇ.

ಹುಬ್ಬಳ್ಳಿ_ಟೆಕ್ಕಿ
ಮತ್ತ ಲೈಟ್ ಬಂದು ಸ್ಕ್ರೀನ್ ಅಷ್ಟೇ ಕರ್ರಗಿದ್ರ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡ್ರಿ. ನಮ್ಮ ಕಡೆ ಒಬ್ಬರು ಡಿಸ್‌ಪ್ಲೇ ಕೇಬಲ್ ಕಿತ್ತಿದ್ದಕ್ಕ ಇಡೀ ಲ್ಯಾಪ್‌ಟಾಪ್ ಗುಜರಿಗೆ ಹಾಕೋವ್ರಿದ್ರು.

ಸಾಗರದ_ಮಗಳು
ಎರಡೂ ನೋಡಿ ಆಯಿತು. ಪಕ್ಕದ ಮನೆಯವರ ಚಾರ್ಜರ್ ಅದೇ ಪಿನ್ನಿನದು, ಅದನ್ನೂ ಹಾಕಿದೆವು. ಲೈಟ್ ಇಲ್ಲ, ಫ್ಯಾನ್ ಸದ್ದಿಲ್ಲ, ಏನೂ ಇಲ್ಲ.

ಕ್ಲೌಡ್_ಪ್ರಿಯ
ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಪುಕ್ಕಟೆ ಕೊಡುತ್ತಾರೆ. ಅಷ್ಟು ಮುಖ್ಯವಾದ ಫೈಲನ್ನು ಅಲ್ಲಿ ಹಾಕಿಡಬಾರದಿತ್ತಾ?

ತುಮಕೂರು_ಅಜ್ಜಿ_ಮೊಮ್ಮಗ
ಮನೆ ಸುಟ್ಟವರ ಹತ್ತಿರ ಹೋಗಿ ಇನ್ಶೂರೆನ್ಸ್ ಮಾಡಿಸಿದ್ರಾ ಅಂತ ಕೇಳುವ ಹೊತ್ತಾ ಇದು? ಅವರು ಕೇಳಿದ್ದಕ್ಕೆ ಉತ್ತರ ಕೊಡಿ.

ಕ್ಲೌಡ್_ಪ್ರಿಯ
ಬೈದಿದ್ದಲ್ಲ ಸರ್. ಇದನ್ನು ಓದುವ ಬೇರೆಯವರಿಗಾದರೂ ತಲೆಗೆ ಹೋಗಲಿ ಅಂತ ಹೇಳಿದ್ದು. ಮೇಡಂಗೆ ಬೇಜಾರಾಗಿದ್ದರೆ ಕ್ಷಮಿಸಿ.

ಎಸ್‌ಪಿ_ರೋಡ್_ರಿಪೇರಿ
ಸರಿ, ಬಿಚ್ಚುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಆತುರಪಟ್ಟವರೇ ಕೆಡಿಸುವುದು.

ಚಾರ್ಜರ್ ತೆಗೆಯಿರಿ. ಹಿಂದಿನ ಬ್ಯಾಟರಿ ಲಾಕ್ ಸರಿಸಿ ಬ್ಯಾಟರಿ ಹೊರಗೆ ತೆಗೆಯಿರಿ. ಆ ಕಾಲದ ಎಷ್ಟೋ ಮಾಡೆಲ್‌ಗಳಲ್ಲಿ ಕೆಳಗಡೆ ಡಿಸ್ಕ್‌ಗೆ ಅಂತಲೇ ಒಂದು ಸಣ್ಣ ಮುಚ್ಚಳ ಇರುತ್ತದೆ. ಇಲ್ಲದಿದ್ದರೆ ಇಡೀ ಅಡಿಭಾಗ ಬಿಚ್ಚಬೇಕು. ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಯಾವ ಜಾಗದ ಸ್ಕ್ರೂವೋ ಅದನ್ನು ಅಲ್ಲೇ ಟೇಪ್ ಹಚ್ಚಿ ಅಂಟಿಸಿ. ರಬ್ಬರ್ ಪಾದದ ಅಡಿಯಲ್ಲಿ ಸ್ಕ್ರೂ ಅಡಗಿರುವುದೂ ಉಂಟು, ಮುಚ್ಚಳ ಏಳದಿದ್ದರೆ ಅಲ್ಲಿ ನೋಡಿ. ಬಲ ಹಾಕಬೇಡಿ.

ಒಳಗೆ ಕೈಯಗಲದಷ್ಟು ಚಪ್ಪಟೆ ಪೆಟ್ಟಿಗೆ ಕಾಣುತ್ತದೆ, ಮೇಲೆ ಬಿಳಿ ಲೇಬಲ್. ಅದೇ ಡಿಸ್ಕ್. ಸುತ್ತ ತಗಡಿನ ಚೌಕಟ್ಟು ಇರುತ್ತದೆ. ಚೌಕಟ್ಟಿನ ಸ್ಕ್ರೂ ತೆಗೆದ ಮೇಲೆ ಡಿಸ್ಕನ್ನು ಮೇಲಕ್ಕೆ ಎತ್ತಬೇಡಿ. ಕನೆಕ್ಟರ್‌ನಿಂದ ದೂರಕ್ಕೆ, ಅಡ್ಡಡ್ಡ ಎಳೆಯಿರಿ. ಮೇಲಕ್ಕೆ ಎತ್ತಿದರೆ ಕನೆಕ್ಟರ್‌ನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಅದು ಮುರಿದ ಡಿಸ್ಕ್ ಅಂಗಡಿಗೆ ಬಂದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಕೇಸಿಂಗ್ ಕೊಳ್ಳುವಾಗ ಯುಎಸ್‌ಬಿ 3.0 ಕೇಳಿ. 2.5 ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಸಾಕು, ಯುಎಸ್‌ಬಿಯಿಂದಲೇ ಬರುತ್ತದೆ. ಡೆಸ್ಕ್‌ಟಾಪ್‌ನ ದಪ್ಪ ಡಿಸ್ಕ್ ಆಗಿದ್ದರೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರುವುದು ಬೇಕು.

ಬಳ್ಳಾರಿ_ಬಿಸಿಲು
ನನ್ನ ಹತ್ತಿರ 2006ರ ಲ್ಯಾಪ್‌ಟಾಪ್ ಡಿಸ್ಕ್ ಇದೆ, ಅದರ ಪಿನ್ ಬೇರೆ ಥರ ಇದೆ. ಎರಡು ಸಾಲು ಸೂಜಿ ಸೂಜಿ. ಇದೇ ಕೇಸಿಂಗ್ ಆಗುತ್ತಾ?

ಎಸ್‌ಪಿ_ರೋಡ್_ರಿಪೇರಿ
ಅದು ಐಡಿಇ ಅನ್ನುವ ಹಳೇ ಥರದ ಕನೆಕ್ಟರ್, 44 ಪಿನ್. ಸಾಟಾ ಕೇಸಿಂಗ್ ಆಗಲ್ಲ. ಐಡಿಇ ಕನ್ವರ್ಟರ್ ಅಂತ ಕೇಳಿ, ಇನ್ನೂ ಸಿಗುತ್ತದೆ.

ಕೆಂಗೇರಿ_ಕೋಡರ್
ಅದೆಲ್ಲ ಸರಿ, ಆದರೆ ಸಿಡಿಲು ಅಂದಿದ್ದಾರೆ. ಬೋರ್ಡ್ ಸುಟ್ಟ ಕರೆಂಟು ಡಿಸ್ಕಿನ ಸರ್ಕ್ಯೂಟ್‌ವರೆಗೂ ಹೋಗಿರಬಹುದು. ಡಿಸ್ಕ್ ತಿರುಗದೇ ಇದ್ದರೆ ಗಾಬರಿಯಾಗಬೇಡಿ. ಹೆಚ್ಚುವರಿ ವೋಲ್ಟೇಜ್ ಬಂದಾಗ ತಾನು ಸತ್ತು ಉಳಿದದ್ದನ್ನು ಕಾಪಾಡುವ ಟಿವಿಎಸ್ ಡಯೋಡ್ ಅಂತ ಎಷ್ಟೋ ಡಿಸ್ಕ್‌ಗಳ ಬೋರ್ಡಿನಲ್ಲಿ ಇರುತ್ತದೆ. ಅನುಭವ ಇರುವ ಟೆಕ್ನಿಷಿಯನ್‌ಗೆ ಅದು ತಕ್ಷಣ ಗೊತ್ತಾಗುತ್ತದೆ.

ಜುಗಾಡ್_ಮಂಜ
ಅದಕ್ಕೆ ಸುಲಭ ದಾರಿ. ಅದೇ ಮಾಡೆಲ್ ಹಳೇ ಡಿಸ್ಕ್ ತಗೊಂಡು ಹಸಿರು ಬೋರ್ಡ್ ಅದಲುಬದಲು ಮಾಡಿ. ಕ್ಲಿಕ್ ಕ್ಲಿಕ್ ಸದ್ದು ಬಂದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡಿ.

ಕೆಂಗೇರಿ_ಕೋಡರ್
ಗುರು, ಎರಡೂ ಬೇಡ. ಬೋರ್ಡ್ ಬದಲಿಸುವುದು ತುಂಬಾ ಹಳೇ ಡಿಸ್ಕ್‌ಗಳಲ್ಲಿ ನಡೆಯುತ್ತಿತ್ತು. ಈಗಿನವುಗಳಲ್ಲಿ ಒಂದೊಂದು ಡಿಸ್ಕ್‌ಗೂ ಅದರದೇ ಹೊಂದಾಣಿಕೆಯ ಲೆಕ್ಕ ಬೋರ್ಡಿನ ಆರ್‌ಒಎಂ (ರೋಮ್) ಚಿಪ್ಪಿನಲ್ಲಿ ಇರುತ್ತದೆ. ಆ ಚಿಪ್ ಬಿಡಿಸಿ ಹೊಸ ಬೋರ್ಡಿಗೆ ಬೆಸುಗೆ ಹಾಕದಿದ್ದರೆ ಡಿಸ್ಕ್ ತನ್ನನ್ನೇ ಗುರುತಿಸುವುದಿಲ್ಲ.

ಫ್ರೀಜರ್ ಅಂತೂ ಮುಟ್ಟಲೇಬೇಡಿ. ಒಳಗೆ ತಟ್ಟೆಯ ಮೇಲೆ ಓದುವ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಣ್ಣಗಾದ ಡಿಸ್ಕನ್ನು ನಮ್ಮ ಮಳೆಗಾಲದ ಗಾಳಿಗೆ ತಂದರೆ ತೇವ ಕೂರುತ್ತದೆ. ಅದರ ಮೇಲೆ ಹೆಡ್ ಓಡಿದರೆ ತಟ್ಟೆಯೇ ಕೆರೆದುಹೋಗುತ್ತದೆ. ಆಮೇಲೆ ಯಾವ ಲ್ಯಾಬ್‌ನವರೂ ಏನೂ ಮಾಡಲಾರರು.

ಜುಗಾಡ್_ಮಂಜ
ನಮ್ಮ ಮಾವನದು ಫ್ರೀಜರ್‌ನಲ್ಲಿ ಇಟ್ಟ ಮೇಲೆ ಓಡಿತ್ತು ಗುರು. ಸುಳ್ಳಲ್ಲ. ಫೋಟೋ ಎಲ್ಲಾ ಬಂತು.

ಕೆಂಗೇರಿ_ಕೋಡರ್
ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಹೇಳಿಲ್ಲ. ಮಾವನ ಡಿಸ್ಕ್ ಓಡಿದ್ದು ಅದೃಷ್ಟ. ಇವರ ಡಿಸ್ಕಿನಲ್ಲಿ ಇರುವುದು ಮತ್ತೆ ಎಲ್ಲೂ ಸಿಗದ ಹಾಡು. ಅದನ್ನು ಅದೃಷ್ಟಕ್ಕೆ ಬಿಡುವುದು ಬೇಡ.

ಸಾಗರದ_ಮಗಳು
ಡಿಸ್ಕ್ ಹೊರಗೆ ಬಂತು! ರಬ್ಬರ್ ಪಾದದ ಅಡಿಯಲ್ಲಿ ಸ್ಕ್ರೂ ಇತ್ತು, ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. 500 ಜಿಬಿ ಅಂತ ಬರೆದಿದೆ. ಕೇಸಿಂಗ್ ಶಿವಮೊಗ್ಗದಿಂದ ತಮ್ಮ ತಂದ. ಹಾಕಿದರೆ ಒಳಗೆ ತಿರುಗುವ ಸದ್ದು ಕೇಳುತ್ತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ಡ್ರೈವ್ ಕಾಣುತ್ತಿವೆ. ಆದರೆ ಒಂದರಲ್ಲಿ "ಸ್ಕ್ಯಾನ್ ಮಾಡಿ ಸರಿಪಡಿಸಲೇ" ಅಂತ ಕೇಳುತ್ತಿದೆ. ಇನ್ನೊಂದನ್ನು ತೆರೆದರೆ ಅಪ್ಪನ ಹೆಸರಿನ ಫೋಲ್ಡರ್‌ಗೆ ಅನುಮತಿ ಇಲ್ಲ ಅನ್ನುತ್ತಿದೆ. ಏನು ಒತ್ತಲಿ?

ದಾವಣಗೆರೆ_ನೆಟ್‌ವರ್ಕ್
ಸರಿಪಡಿಸು ಅಂತ ಕೊಡಿ. ಚೆಕ್‌ಡಿಸ್ಕ್ ಓಡುತ್ತದೆ ಅಷ್ಟೇ, ಸರಿಹೋಗುತ್ತದೆ.

ಕೆಂಗೇರಿ_ಕೋಡರ್
ಬೇಡ ಬೇಡ ಬೇಡ. ಮೇಡಂ, ಏನೂ ಒತ್ತಬೇಡಿ. ಅದನ್ನು ಮುಚ್ಚಿಬಿಡಿ.

ಚೆಕ್‌ಡಿಸ್ಕ್ ಇರುವುದು ಫೈಲ್ ಸಿಸ್ಟಮ್ ನೆಟ್ಟಗೆ ಮಾಡಲಿಕ್ಕೆ, ನಿಮ್ಮ ಫೈಲ್ ಉಳಿಸಲಿಕ್ಕೆ ಅಲ್ಲ. ಲೆಕ್ಕ ತಪ್ಪಿದ ಕಡೆ ಅದು ಕೊಂಡಿ ಕತ್ತರಿಸಿ ಬಿಸಾಕುತ್ತದೆ. ಡಿಸ್ಕ್ ಗಟ್ಟಿ ಇದ್ದರೆ ತೊಂದರೆ ಇಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಇದ್ದದ್ದೂ ಹೋಗಬಹುದು. ನಿಯಮ ಒಂದೇ: ಆ ಡಿಸ್ಕ್ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಓದಿ ಹೊರಗೆ ತೆಗೆಯುವುದು ಮಾತ್ರ. "ಫಾರ್ಮ್ಯಾಟ್ ಮಾಡಿದರೆ ಮಾತ್ರ ಬಳಸಬಹುದು" ಅಂತ ಕೇಳಿದರೂ ಬೇಡ ಅನ್ನಿ.

ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಪುಕ್ಕಟೆ ಸಿಗುತ್ತದೆ. ಅದನ್ನು ನಿಮ್ಮ ಲ್ಯಾಪ್‌ಟಾಪ್ ಮೇಲೆ ಹಾಕಿಕೊಳ್ಳಿ, ಅಪ್ಪನ ಡಿಸ್ಕ್ ಮೇಲಲ್ಲ. ಅದು ತೋರಿಸುವ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 5, 197, 198ನೇ ಸಾಲಿನ ಕೊನೆಯ ಅಂಕಿ ಏನಿದೆ ಹೇಳಿ. ಅವು ಹದಿನಾರರ ಎಣಿಕೆಯಲ್ಲಿ ಇರುತ್ತವೆ, ಇದ್ದ ಹಾಗೇ ಬರೆಯಿರಿ.

ದಾವಣಗೆರೆ_ನೆಟ್‌ವರ್ಕ್
ಆಫೀಸಿನಲ್ಲಿ ನಾವು ಯಾವಾಗಲೂ ಚೆಕ್‌ಡಿಸ್ಕ್ ಓಡಿಸುತ್ತೇವೆ. ಇಷ್ಟು ಹೆದರಿಸುವುದು ಬೇಕಾಗಿಲ್ಲ.

ಎಸ್‌ಪಿ_ರೋಡ್_ರಿಪೇರಿ
ಆಫೀಸಿನಲ್ಲಿ ಬ್ಯಾಕಪ್ ಇರುತ್ತದೆ ಅಣ್ಣ. ಇಲ್ಲಿ ಇರುವುದು ಇದೊಂದೇ ಕಾಪಿ. ಕೋಡರ್ ಹೇಳಿದ್ದೇ ಸರಿ.

ಸಾಗರದ_ಮಗಳು
5ರಲ್ಲಿ ಎಲ್ಲಾ ಸೊನ್ನೆ. 197ರ ಕೊನೆಯಲ್ಲಿ 38, 198ರಲ್ಲೂ 38. ಹಳದಿ ಬಣ್ಣದಲ್ಲಿ "ಎಚ್ಚರಿಕೆ" ಅಂತ ಬರುತ್ತಿದೆ.

ಕೆಂಗೇರಿ_ಕೋಡರ್
38 ಅಂದರೆ ನಮ್ಮ ಎಣಿಕೆಯಲ್ಲಿ 56. ಅಷ್ಟು ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಣುಕು ಜಾಗ, ಓದಲು ಡಿಸ್ಕ್ ಒದ್ದಾಡುತ್ತಿದೆ. ಬಹುಶಃ ಕರೆಂಟು ಹೋದ ಹೊತ್ತಿಗೆ ಬರೆಯುತ್ತಿದ್ದ ಜಾಗ. ಕ್ಲಿಕ್ ಸದ್ದು ಇಲ್ಲ ತಾನೇ? ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದು. ಸದ್ದು ಶುರುವಾದ ಕ್ಷಣ ಕೇಬಲ್ ಕಿತ್ತು ಲ್ಯಾಬ್‌ಗೆ ಕಳಿಸಿ, ಮತ್ತೆ ಆನ್ ಮಾಡಿ ನೋಡುವ ಆಸೆ ಬೇಡ.

ವಿಂಡೋಸ್‌ನಲ್ಲಿ ಒಂದೊಂದೇ ಫೋಲ್ಡರ್ ಎಳೆದು ಕಾಪಿ ಮಾಡಬೇಡಿ. ಕೆಟ್ಟ ಸೆಕ್ಟರ್ ಸಿಕ್ಕಿದ ಕಡೆ ಅದು ಅಲ್ಲೇ ತಿಣುಕುತ್ತಾ ಕೂರುತ್ತದೆ, ಡಿಸ್ಕ್ ಬಿಸಿಯಾಗುತ್ತದೆ. ಉಬುಂಟು (ವಿಂಡೋಸ್ ಬದಲು ಬಳಸುವ ಪುಕ್ಕಟೆ ಲಿನಕ್ಸ್) ಪೆನ್‌ಡ್ರೈವ್ ಮಾಡಿ ಅದರಿಂದ ನಿಮ್ಮ ಲ್ಯಾಪ್‌ಟಾಪ್ ಬೂಟ್ ಮಾಡಿ, ಉಬುಂಟು ಇನ್‌ಸ್ಟಾಲ್ ಮಾಡುವುದು ಬೇಡ. ಅಲ್ಲಿ ಗ್ನೂ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಬಳಸಿ, ಇಡೀ ಡಿಸ್ಕನ್ನು ಒಂದೇ ಫೈಲಾಗಿ (ಇದನ್ನೇ ಇಮೇಜ್ ಅನ್ನುವುದು) ಕಾಪಿ ಮಾಡಿಕೊಳ್ಳುತ್ತದೆ. ಅದು ಮೊದಲ ಸುತ್ತಿನಲ್ಲಿ ಚೆನ್ನಾಗಿ ಓದಿಸಿಕೊಳ್ಳುವ ಜಾಗವನ್ನೆಲ್ಲ ಬಾಚಿಕೊಳ್ಳುತ್ತದೆ. ಕಷ್ಟ ಕೊಡುವ ಜಾಗವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಅಲ್ಲಿಗೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಓದಿದೆ ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟು ಹೋದರೂ ಮತ್ತೆ ಮೊದಲಿಂದ ಶುರು ಮಾಡುವ ಗೋಳಿಲ್ಲ. ಆದರೆ ಮ್ಯಾಪ್ ಫೈಲನ್ನು ಹೊಸ ಡಿಸ್ಕ್ ಮೇಲೆ ಇಡಬೇಕು, ಉಬುಂಟು ಪೆನ್‌ಡ್ರೈವ್‌ನ ಡೆಸ್ಕ್‌ಟಾಪ್ ಮೇಲಲ್ಲ. ಅದು ಆಫ್ ಆದಾಗ ಅಳಿಸಿಹೋಗುತ್ತದೆ.

ಬೇಕಾಗಿರುವುದು 1 ಟಿಬಿಯ ಖಾಲಿ ಎಕ್ಸ್‌ಟರ್ನಲ್ ಡಿಸ್ಕ್. ಕಮಾಂಡ್‌ನಲ್ಲಿ ಮೊದಲು ಬರುವುದು ಹಳೇ ಡಿಸ್ಕಿನ ಹೆಸರು, ಆಮೇಲೆ ಹೊಸ ಡಿಸ್ಕ್ ಮೇಲಿನ ಇಮೇಜ್ ಫೈಲಿನ ಹೆಸರು. ಇದು ತಿರುಗುಮುರುಗಾದರೆ ಎಲ್ಲವೂ ಹೋಯಿತು. ಎಂಟರ್ ಒತ್ತುವ ಮೊದಲು ಡಿಸ್ಕಿನ ಸೈಜು ನೋಡಿ ಖಚಿತ ಮಾಡಿಕೊಳ್ಳಿ. ಆ ಹೊತ್ತಿಗೆ ಸ್ಕ್ರೀನ್ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ, ನೋಡಿ ಹೇಳುತ್ತೇನೆ.

ಲಿನಕ್ಸ್_ಲೋಕೇಶ
ಒಂದು ಸಣ್ಣ ಸೇರ್ಪಡೆ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು ಜಿ ಇದೆ. ಓಡಿಸುವಾಗ ಜಿ ಇಲ್ಲ. ಇದೇ ಥರದ ಹೆಸರಿನ ಇನ್ನೊಂದು ಪ್ರೋಗ್ರಾಂ ಇದೆ, ಡಿಡಿ ಮತ್ತು ರೆಸ್ಕ್ಯೂ ನಡುವೆ ಅಡಿಗೆರೆ ಇರುವುದು. ಅದು ಬೇರೆ, ಅದರ ಆಯ್ಕೆಗಳೂ ಬೇರೆ.

ಮೈಸೂರು_ಮಲ್ಲಿಗೆ_ಟೀಚರ್
ಇಷ್ಟೆಲ್ಲ ಕಷ್ಟ ಯಾಕೆ? ಯಾವುದಾದರೂ ಅಂಗಡಿಗೆ ಕೊಟ್ಟರೆ ಅವರೇ ಮಾಡಿಕೊಡಲ್ವಾ?

ತುಮಕೂರು_ಅಜ್ಜಿ_ಮೊಮ್ಮಗ
ಅಂಗಡಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ "ರಿಪೇರಿ" ಅಂತ ಕೊಡಬೇಡಿ. ನಮ್ಮ ಸಂಬಂಧಿಕರೊಬ್ಬರು ರಿಪೇರಿಗೆ ಕೊಟ್ಟಿದ್ದಕ್ಕೆ ಅಂಗಡಿಯವನು ವಿಂಡೋಸ್ ಹೊಸದಾಗಿ ಹಾಕಿ, ಫಳಫಳ ಒರೆಸಿ ಕೊಟ್ಟ. ಮಗಳ ನಾಮಕರಣದ ಫೋಟೋ ಒಂದೂ ಉಳಿಯಲಿಲ್ಲ. "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬಾರದು" ಅಂತ ರಸೀದಿಯ ಮೇಲೇ ಬರೆಸಿಕೊಳ್ಳಿ.

ವೈಟ್‌ಫೀಲ್ಡ್_ವನಜಾ
ಇನ್ನೊಂದು ವಿಷಯ, ಹೆಣ್ಣುಮಕ್ಕಳಿಗೆ ಮುಖ್ಯವಾಗಿ. ಡಿಸ್ಕ್ ಕೊಟ್ಟರೆ ಮನೆಯ ಫೋಟೋ, ಬ್ಯಾಂಕ್ ಕಾಗದ, ಆಧಾರ್ ಸ್ಕ್ಯಾನ್ ಎಲ್ಲ ಕೊಟ್ಟ ಹಾಗೆ. ಸಾಧ್ಯವಿದ್ದರೆ ಎದುರಿಗೇ ಕೂತು ಕಾಪಿ ಮಾಡಿಸಿಕೊಳ್ಳಿ.

ಎಸ್‌ಪಿ_ರೋಡ್_ರಿಪೇರಿ
ವನಜಾ ಮೇಡಂ ಹೇಳಿದ್ದು ನಿಜ. ನಮ್ಮಲ್ಲಿ ಎದುರಿಗೇ ಕೂರಿಸುತ್ತೇವೆ. ಕೂರಲು ಬಿಡದ ಅಂಗಡಿ ಬೇಡ. ಇನ್ನೊಂದು ಮಾತು, ಡಿಸ್ಕಿನ ಮುಚ್ಚಳವನ್ನು ಟೇಬಲ್ ಮೇಲೆ ಬಿಚ್ಚುತ್ತೇನೆ ಅನ್ನುವವನ ಹತ್ತಿರ ನಿಲ್ಲಲೂ ಬೇಡಿ. ಅದನ್ನು ಧೂಳಿಲ್ಲದ ಕ್ಲೀನ್‌ರೂಮ್ ವ್ಯವಸ್ಥೆ ಇರುವ ಲ್ಯಾಬ್‌ನಲ್ಲೇ ಬಿಚ್ಚಬೇಕು. ಖರ್ಚು ಸಾವಿರಗಳಲ್ಲಿ ಬರುತ್ತದೆ, ಕೆಲವೊಮ್ಮೆ ಹತ್ತಾರು ಸಾವಿರ. ಮೊದಲೇ ಕೇಳಿಕೊಳ್ಳಿ.

ಡಲ್ಲಾಸ್_ಕನ್ನಡಿಗ
ಇದೇ ಜಾಗದಲ್ಲಿ ಕೇಳುತ್ತೇನೆ. ನನ್ನ 2019ರ ಮ್ಯಾಕ್‌ಬುಕ್ ಪ್ರೋ ಮೇಲೆ ಕಾಫಿ ಚೆಲ್ಲಿ ಸತ್ತಿದೆ. ಅದರ ಎಸ್‌ಎಸ್‌ಡಿಯನ್ನೂ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಹೀಗೇ ತೆಗೆಯಬಹುದಾ?

ಲಿನಕ್ಸ್_ಲೋಕೇಶ
ಇಲ್ಲ ಸರ್. ಅದರಲ್ಲಿ ಎಸ್‌ಎಸ್‌ಡಿ ಚಿಪ್‌ಗಳು ಬೋರ್ಡಿಗೇ ಬೆಸುಗೆ ಆಗಿವೆ. ಮೇಲಾಗಿ 2018ರಿಂದ ಮ್ಯಾಕ್‌ಬುಕ್ ಪ್ರೋದಲ್ಲಿ ಟಿ2 ಚಿಪ್ ಇದೆ, ಡೇಟಾ ಎಲ್ಲ ಅದರ ಬೀಗದ ಒಳಗೆ. ಚಿಪ್ ಕಿತ್ತು ಓದಿದರೂ ಬರುವುದು ಅರ್ಥವಿಲ್ಲದ ಕಸ. ಬೋರ್ಡನ್ನೇ ಜೀವಂತ ಮಾಡಬಲ್ಲ, ಚಿಪ್ ಮಟ್ಟದ ರಿಪೇರಿ ಗೊತ್ತಿರುವವರನ್ನು ಹುಡುಕಿ. ಆನ್ ಮಾಡಿ ನೋಡಬೇಡಿ, ಕಾಫಿ ಇರುವಾಗ ಕರೆಂಟು ಹರಿದರೆ ಇನ್ನಷ್ಟು ತಿನ್ನುತ್ತದೆ. ಐಕ್ಲೌಡ್‌ನಲ್ಲಿ ಏನಿದೆ ಅಂತ ಮೊದಲು ನೋಡಿಕೊಳ್ಳಿ.

ವೈಟ್‌ಫೀಲ್ಡ್_ವನಜಾ
ವಿಂಡೋಸ್‌ನಲ್ಲೂ ಈಗ ಇದೇ ಕಥೆ ಅಲ್ವಾ? ನಮ್ಮ ಆಫೀಸ್ ಲ್ಯಾಪ್‌ಟಾಪ್ ಡಿಸ್ಕ್ ಬೇರೆ ಕಡೆ ಹಾಕಿದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಕೀ ಕೇಳುತ್ತದೆ.

ಲಿನಕ್ಸ್_ಲೋಕೇಶ
ಹೌದು. ಮನೆಯ ಲ್ಯಾಪ್‌ಟಾಪ್‌ಗಳಲ್ಲೂ ಈಗ ಸದ್ದಿಲ್ಲದೆ ಆನ್ ಆಗಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಹೋಮ್ ಎಡಿಷನ್‌ನಲ್ಲೂ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ. 48 ಅಂಕಿಯ ರಿಕವರಿ ಕೀ ಅದೇ ಖಾತೆಯಲ್ಲಿ ಇರುತ್ತದೆ. ಇದನ್ನು ಓದುತ್ತಿರುವವರು ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಇವತ್ತೇ ಲಾಗಿನ್ ಆಗಿ ಆ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಯಾರಿಂದಲೂ ಆಗಲ್ಲ.

ಹುಬ್ಬಳ್ಳಿ_ಟೆಕ್ಕಿ
ಅದಕ್ಕ ನಾ ಅದನ್ನ ಆಫ್ ಮಾಡಿಟ್ಟೇನಿ.

ವೈಟ್‌ಫೀಲ್ಡ್_ವನಜಾ
ಕಳ್ಳತನ ಆದರೆ? ಕೀ ಬರೆದಿಡುವುದು ಸುಲಭ, ಆಫ್ ಮಾಡುವುದು ಸರಿಯಲ್ಲ.

ಸಾಗರದ_ಮಗಳು
ಡಿಡಿರೆಸ್ಕ್ಯೂ ರಾತ್ರಿಯಿಡೀ ಓಡಿ ಮುಗಿಯಿತು. ಕೋಡರ್ ಸರ್ ಮೆಸೇಜಿನಲ್ಲೇ ಜೊತೆಗಿದ್ದು ಒಂದೊಂದು ಸಾಲೂ ನೋಡಿ ಹೇಳಿದರು. ಕೊನೆಗೆ ಓದಲಾಗದೆ ಉಳಿದಿದ್ದು ಕೆಲವೇ ಕೆಬಿ. ಇಮೇಜ್ ತೆರೆದರೆ ಫೋಲ್ಡರ್‌ಗಳೆಲ್ಲ ಇವೆ. "ಹಾಡು" ಅನ್ನುವ ಫೋಲ್ಡರ್ ಕಂಡಾಗ ಅಪ್ಪ ಎದ್ದು ಬಂದು ಹಿಂದೆ ನಿಂತರು.

ಆದರೆ ಫೈಲ್ ತೆರೆದರೆ ಒಳಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು ಇರುವ ಎ, ಪೌಂಡ್ ಗುರುತು, ಇದೇ ಪುಟಗಟ್ಟಲೆ ಇದೆ. ಎಲ್ಲ ಫೈಲೂ ಹೀಗೇ. ಕೆಟ್ಟುಹೋಗಿವೆಯಾ?

ಅಚ್ಚುಮೊಳೆ
ಇಲ್ಲಮ್ಮಾ, ಏನೂ ಕೆಟ್ಟಿಲ್ಲ! ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುವವನು, ಇದನ್ನು ದಿನಾ ನೋಡುತ್ತೇನೆ. ಅಪ್ಪ ಟೈಪ್ ಮಾಡಿದ್ದು ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಅಡಿಯಲ್ಲಿರುವುದು ಕಾಣುತ್ತಿದೆ. ದೊಡ್ಡ ಪಿ, ಗೀಟಿನ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಆಮೇಲೆ ಜರ್ಮನ್ನರ ಬಿ ಥರದ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ ಸಾಲಾಗಿ ಕಂಡರೆ ಅಲ್ಲಿ ಇರುವುದು "ಕನ್ನಡ" ಅನ್ನುವ ಪದ.

ಅಪ್ಪನ ಡಿಸ್ಕಿನ ಇಮೇಜಿನಲ್ಲೇ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಇದೆ. ಅಲ್ಲಿಂದ ನುಡಿ ಹೆಸರಿನವನ್ನೆಲ್ಲ ಕಾಪಿ ಮಾಡಿ ನಿಮ್ಮದರಲ್ಲಿ ಹಾಕಿಕೊಳ್ಳಿ. ಫೈಲ್ ಮುಚ್ಚಿ ತೆರೆದರೆ ಹಾಡು ಬರುತ್ತದೆ.

ಸಾಗರದ_ಮಗಳು
ಬಂತು!! ಎಲ್ಲಾ ಬಂತು! ಅಪ್ಪ ಈಗ ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾವೇ ಕೂತು ಒಂದೊಂದೇ ತೆರೆದು ನೋಡುತ್ತಿದ್ದಾರೆ. ಎರಡು ಫೈಲ್ ಮಾತ್ರ ತೆರೆಯುತ್ತಿಲ್ಲ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಕೆಂಗೇರಿ_ಕೋಡರ್
ತುಂಬಾ ಖುಷಿಯಾಯಿತು ಮೇಡಂ. ಆ ಎರಡಕ್ಕೆ ಇಮೇಜ್ ಮೇಲೆ ಫೋಟೋರೆಕ್ ಅನ್ನುವ, ಕಳೆದುಹೋದ ಫೈಲು ಹುಡುಕುವ ಪ್ರೋಗ್ರಾಂ ಓಡಿಸಿ. ಹೆಸರಲ್ಲಿ ಫೋಟೋ ಇದ್ದರೂ ವರ್ಡ್ ಫೈಲನ್ನೂ ಹುಡುಕುತ್ತದೆ. ಹಳೇ ಆವೃತ್ತಿ ಎಲ್ಲಾದರೂ ಬಿದ್ದಿರಬಹುದು. ಸಿಕ್ಕ ಫೈಲುಗಳಿಗೆ ಹೆಸರು, ಫೋಲ್ಡರ್ ಏನೂ ಇರಲ್ಲ, ಬರೀ ನಂಬರು. ಹಾಡಿನ ಮೊದಲ ಪದವನ್ನು ಆಸ್ಕಿ ರೂಪದಲ್ಲೇ ಹಾಕಿ ಹುಡುಕಿ. ಅಪ್ಪನ ಮೂಲ ಡಿಸ್ಕನ್ನು ಬಿಸಾಕಬೇಡಿ, ಹೊಸದಾಗಿ ಬಳಸಲೂ ಬೇಡಿ.

ಅಚ್ಚುಮೊಳೆ
ಈಗಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಎಲ್ಲವನ್ನೂ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿ) ಬದಲಾಯಿಸಿ, ಇಲ್ಲದಿದ್ದರೆ ಮುಂದೆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲೂ ಇದೇ ಗೋಳು. ಫೋನಿನಲ್ಲಂತೂ ಓದಲಾಗಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವತ್ತು ಇರುವ ಪದಗಳನ್ನು, ಒತ್ತಿನ ಮೇಲೆ ಒತ್ತು ಇರುವ ಪದಗಳನ್ನು ಅಪ್ಪ ಒಮ್ಮೆ ಓದಲಿ. ಹಾಡಿನಲ್ಲಿ ಆಡುಮಾತಿನ ಪದ ಜಾಸ್ತಿ. ತಪ್ಪಾದರೆ ನಮಗೆ ಗೊತ್ತಾಗಲ್ಲ, ಅವರಿಗೇ ಗೊತ್ತಾಗಬೇಕು.

ಕ್ಲೌಡ್_ಪ್ರಿಯ
ಯೂನಿಕೋಡ್ ಆದ ಮೇಲೆ ಕನ್ನಡ ವಿಕಿಸೋರ್ಸ್‌ಗೆ ಹಾಕಿ. ಯಾರು ಬೇಕಾದರೂ ಓದಬಹುದು.

ಲಿನಕ್ಸ್_ಲೋಕೇಶ
ವಿಕಿಸೋರ್ಸ್ ಸಾಮಾನ್ಯವಾಗಿ ಮೊದಲೇ ಪ್ರಕಟವಾದ ಬರಹಕ್ಕೆ ಇರುವುದು. ಇದು ಅಪ್ಪ ಸ್ವತಃ ಸಂಗ್ರಹಿಸಿದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಬಹುದು. ಯಾವ ಊರು, ಯಾರು ಹಾಡಿದ್ದು, ಯಾವ ವರ್ಷ ಅನ್ನುವುದನ್ನು ಜೊತೆಗೇ ಬರೆಯಿರಿ.

ಸಾಗರದ_ಮಗಳು
ಅಪ್ಪ ಹಾಡಿದವರ ಹೆಸರು, ಊರು ಎಲ್ಲವನ್ನೂ ಪ್ರತಿ ಹಾಡಿನ ಕೆಳಗೆ ಬರೆದಿದ್ದಾರೆ. ಹಾಕುವ ಮೊದಲು ಅವರ ಮನೆಯವರನ್ನು ಒಂದು ಮಾತು ಕೇಳಬೇಕು ಅನ್ನುತ್ತಿದ್ದಾರೆ. ಅಲ್ಲಿಯವರೆಗೆ ಒಂದು ಕಾಪಿ ನನ್ನ ಹತ್ತಿರ, ಒಂದು ತಮ್ಮನ ಹತ್ತಿರ, ಒಂದು ಗೂಗಲ್ ಡ್ರೈವ್‌ನಲ್ಲಿ ಹಾಕಿದೆ.

ಮಂಡ್ಯ_ಕಬ್ಬು
ತಡವಾಗಿ ಕೇಳುತ್ತಿದ್ದೇನೆ. ನನ್ನದು ಎಂ.2 ಎಸ್‌ಎಸ್‌ಡಿ, ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಶಿಫ್ಟ್ ಡಿಲೀಟ್ ಒತ್ತಿ ಒಂದು ಫೋಲ್ಡರ್ ಹೋಗಿದೆ. ಫೋಟೋರೆಕ್ ಇದಕ್ಕೂ ಆಗುತ್ತಾ?

ಕೆಂಗೇರಿ_ಕೋಡರ್
ಎಸ್‌ಎಸ್‌ಡಿಯಲ್ಲಿ ಆಸೆ ಕಡಿಮೆ ಅಣ್ಣ. ಡಿಲೀಟ್ ಮಾಡಿದ ಕೂಡಲೇ ವಿಂಡೋಸ್ ಟ್ರಿಮ್ ಅಂತ ಸೂಚನೆ ಕೊಡುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಖಾಲಿ ಮಾಡಿಬಿಡುತ್ತದೆ. ಲ್ಯಾಪ್‌ಟಾಪ್ ಬಳಸುವುದನ್ನು ಈಗಲೇ ನಿಲ್ಲಿಸಿ. ಬೇರೆ ಕಂಪ್ಯೂಟರಿನಿಂದ ಒನ್‌ಡ್ರೈವ್ ವೆಬ್‌ಸೈಟ್ ತೆರೆದು ಅಲ್ಲಿನ ರೀಸೈಕಲ್ ಬಿನ್ ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಷ್ಟೋ ಸಲ ನಮಗೆ ಗೊತ್ತಿಲ್ಲದೆ ಅಲ್ಲಿಗೆ ಸಿಂಕ್ ಆಗಿರುತ್ತವೆ.

ಮಂಡ್ಯ_ಕಬ್ಬು
ಒನ್‌ಡ್ರೈವ್ ಬಿನ್‌ನಲ್ಲಿ ಅರ್ಧ ಸಿಕ್ತು ಗುರು! ಉಳಿದಿದ್ದು ವಾಟ್ಸಾಪ್‌ನಲ್ಲಿ ಯಾರಿಗೆ ಕಳಿಸಿದ್ದೆ ಅಂತ ಹುಡುಕುತ್ತಾ ಇದ್ದೀನಿ.